ಒಂದು ಕಡೆ ತಗ್ಗಿಸಿ ಕಟ್ಟಿದ ಟಾರ್ಪಾಲು

ಇವಳೇ,

ಲಾರಿ ಲೋಡಾಗಿದೆ, ಹೊರಟೆ. ನಿನ್ನನ್ನು ಎಬ್ಬಿಸಲಿಲ್ಲ.

ಹಿತ್ತಲಲ್ಲಿ ಕಾರಿನ ಪಕ್ಕ ಟಾರ್ಪಾಲು ಕಟ್ಟಿದ್ದೇನೆ, ಈ ಸಲ ಒಂದು ಕಡೆ ತಗ್ಗಿಸಿ. ಒಂದು ಬಕೆಟ್ ನೀರು ಸುರಿದು ನೋಡು. ಅವತ್ತು ಕಾರಲ್ಲಿ ಹೋಗಿ ಕೆರೆ ಹತ್ತಿರ ಟಾರ್ಪಾಲಿನಡಿ ರಾತ್ರಿ ತಂಗಿದಾಗ ನೀನು ಹೇಳಿದ್ದೂ ಇದನ್ನೇ. "ಇಪ್ಪತ್ತು ವರ್ಷದಿಂದ ಲೋಡಿಗೆ ಕಟ್ತಿದೀನಿ, ನೀನು ನಂಗೆ ಹೇಳ್ಕೊಡ್ಬೇಡ" ಅಂದುಬಿಟ್ಟೆ ನಾನು. ಮಳೆನೀರೆಲ್ಲ ನಡುವೆ ನಿಂತು ನಿನ್ನ ಹಾಸಿಗೆ ಮೇಲೇ ಸುರಿಯಿತು. ನಾನು ನಕ್ಕೆ. ನಗಬಾರದಿತ್ತು.

ಕಾರಿನ ಹಿಂದೆ ದಪ್ಪ ಫೋಮ್ ಹಾಸಿಗೆ ಇದೆ. ಕವರ್ ಹರಿಯದೆ ಮಲಗಿ ನೋಡು. ಸೊಂಟಕ್ಕೆ ಹಿತ ಅನ್ನಿಸದಿದ್ದರೆ ಅಂಗಡಿಯವನು ವಾಪಸ್ ತಗೋತಾನೆ.

ನನ್ನ ದಿಂಬು ಕಾರಲ್ಲಿಟ್ಟಿದ್ದೇನೆ. ನಿನ್ನದು ನಿನ್ನ ತಲೆಯಡಿಯೇ ಇದೆ. ಶನಿವಾರ ನಾನು ಬಂದಾಗ ಅದೂ ಕಾರಲ್ಲಿದ್ದರೆ ಇನ್ನೊಮ್ಮೆ ಹಾಗೇ ತಂಗೋಕೆ ಹೊರಡೋಣ. ಇಲ್ಲದಿದ್ದರೆ ಟಾರ್ಪಾಲು ಬಿಚ್ಚಿ ಮಡಚಿಡುತ್ತೇನೆ. ಯಾಕೆ ಅಂತ ಕೇಳುವುದಿಲ್ಲ.