ಹದಿನೇಳನೇ ಮನೆಯ ಹಾಳೆ

ಕಲ್ಪೆಟ್ಟ
17 ನವೆಂಬರ್ 2025

ಮಾದೇವಕ್ಕಾ,

ಫೋನಿದ್ದೂ ಇವಳಿಗೇನು ಕಾಗದದ ಹುಚ್ಚು ಎಂದು ನಗಬೇಡ. ಫೋನಿನಲ್ಲಿ ನೀನು ‘ಹೂಂ, ಆಯ್ತು’ ಎಂದು ಇಟ್ಟುಬಿಡುತ್ತೀ, ನನಗೂ ನಾಲಿಗೆ ಏಳುವುದಿಲ್ಲ. ಕಾಲೇಜಿನಲ್ಲಿ ಮಲಯಾಳ, ಲೇಖನಗಳಿಗೆ ಇಂಗ್ಲಿಷು. ಕನ್ನಡದಲ್ಲಿ ಬರೆಯುವುದು ನಿನಗೊಬ್ಬಳಿಗೆ. ನೀನು ಹೊಳೆಯಾಚೆ ಬೈರಕುಪ್ಪೆಯಲ್ಲಿ ಅಜ್ಜಿ ಮನೆಯಲ್ಲಿದ್ದು ನಾಲ್ಕನೇ ಕ್ಲಾಸು ಓದುತ್ತಿದ್ದೆ. ನಾನು ಹುಟ್ಟಿದೆ, ಎತ್ತಿಕೊಳ್ಳಲು ಯಾರೂ ಇಲ್ಲವೆಂದು ನಿನ್ನನ್ನು ಶಾಲೆ ಬಿಡಿಸಿ ಪೆರಿಕಲ್ಲೂರಿಗೆ ಕರೆಸಿಕೊಂಡರು. ಆ ಶಾಲೆಯಲ್ಲಿ ಕಲಿತ ಅಕ್ಷರಗಳನ್ನು ನನಗೆ ಒಲೆಬೂದಿಯಲ್ಲಿ ತಿದ್ದಿಸಿದವಳು ನೀನು. ಇಲ್ಲಿ ತಪ್ಪುಗಳಿದ್ದರೆ ನಿನ್ನನ್ನೇ ಬೈದುಕೋ.

ಮೊನ್ನೆ ಕ್ಲಾಸಿನಲ್ಲಿ ನನ್ನ ಪಿಎಚ್‌.ಡಿ.ಯ ವಿಷಯ ಹೇಳುತ್ತಿದ್ದೆ. ಹದಿನಾಲ್ಕು ವರ್ಷದ ಹಿಂದೆ ನಲವತ್ತು ಮನೆಗಳಿಗೆ ಹಾಳೆ ಹಂಚಿದ್ದೆನಲ್ಲ, ಹೆಂಗಸರು ಎದ್ದಾಗಿನಿಂದ ಮಲಗುವವರೆಗೆ ಏನೇನು ಮಾಡುತ್ತಾರೆಂದು ಗಂಟೆಗಂಟೆಗೂ ಬರೆಸಲು? ಮನೆಗೊಂದೇ ಹಾಳೆ, ಹಿರಿಯ ಹೆಂಗಸಿನ ಹೆಸರಿನಲ್ಲಿ. ಹದಿನೇಳನೇ ಮನೆ ನಮ್ಮದು. ಅದರ ಮಾತು ಬಂದಾಗಲೆಲ್ಲ ನನ್ನ ದನಿ ಏರುತ್ತದೆ. ಐವತ್ತೊಂಬತ್ತರ ಹೆಂಗಸು ದಿನಕ್ಕೆ ಹದಿನೈದು ಗಂಟೆ ದುಡಿಯುತ್ತಾಳೆ, ಮನೆಯವರು ಮಾತ್ರ ಅವಳು ಸುಮ್ಮನೆ ಮನೆಯಲ್ಲಿದ್ದಾಳೆ ಅನ್ನುತ್ತಾರೆ! ನನಗೆ ಈ ಕೆಲಸ ಕೊಡಿಸಿದ್ದೂ ಆ ಒಂದು ಮಾತೇ.

ಹಿಂದಿನ ಬೆಂಚಿನ ನೀಲಿ ಎದ್ದು ನಿಂತಳು. ಕಾಡಂಚಿನ ಹುಡುಗಿ, ಬಾಯಿ ಬಿಡುವುದೇ ಅಪರೂಪ. ಆ ವಯಸ್ಸಿಗೆ ತನ್ನ ಅಮ್ಮನ ಬೆನ್ನೇ ಬಿದ್ದುಹೋಗಿತ್ತು, ನೀರು ಸೌದೆ ಎಲ್ಲ ಹೊತ್ತದ್ದು ಅಕ್ಕ, ತನ್ನ ಚೇಚಿ, ಆ ಮನೆಯಲ್ಲಿ ಮಗಳು ಯಾರೂ ಇರಲಿಲ್ಲವಾ ಟೀಚರ್ ಎಂದು ಕೇಳಿದಳು.

ಇರಲಿಲ್ಲ ಅಂದೆ ಅಕ್ಕಾ. ತಡವರಿಸದೆ ಅಂದೆ.

ಅವತ್ತು ರಾತ್ರಿಯೇ ಹಳೆಯ ಹಾಳೆ ಹುಡುಕಿ ತೆಗೆದೆ. ನಿನ್ನ ದುಂಡು ಅಕ್ಷರ. ನಾಲ್ಕೂವರೆಗೆ ಎದ್ದದ್ದು, ಹಸು ಕರೆದದ್ದು, ಹೊಳೆಯಲ್ಲಿ ಬಟ್ಟೆ ಒಗೆದದ್ದು, ಮಧ್ಯಾಹ್ನ ಕರಿಮೆಣಸು ತುಳಿದು ಕಾಳು ಬಿಡಿಸಿದ್ದು, ಸಂಜೆ ಅಮ್ಮನ ಕಾಲಿಗೆ ಎಣ್ಣೆ ತಿಕ್ಕಿದ್ದು. ಅಮ್ಮನದೇ ಹಾಳೆಯಲ್ಲಿ ಅಮ್ಮನ ಕಾಲಿಗೆ ಎಣ್ಣೆ! ಆ ಸಾಲಿನ ಮೇಲೆ ನಾನು ಗೀಟು ಹೊಡೆದಿದ್ದೇನೆ. ಈಗಲೂ ಓದಲು ಬರುತ್ತದೆ.

ಆ ವರ್ಷ ಅಮ್ಮನ ಕೈಯಲ್ಲಿ ಒಂದು ಚೊಂಬು ಎತ್ತಲಾಗುತ್ತಿರಲಿಲ್ಲ. ನನಗೆ ಗೊತ್ತಿತ್ತು. ಆದರೆ ಐವತ್ತೈದು ದಾಟಿದವರು ನನ್ನ ಪಟ್ಟಿಗೆ ಒಬ್ಬರು ಕಮ್ಮಿ ಬಿದ್ದಿದ್ದರು. ನಿನ್ನ ಕೆಲಸವನ್ನೇ ಅಮ್ಮನ ಹೆಸರಿನಲ್ಲಿ ಬರೆದುಕೊಡು ಎಂದೆ. ನೀನು ನಕ್ಕು, ‘ಯಾರ್ ಹೆಸ್ರಾದ್ರೇನವ್ವ, ಗೇಯದು ತಪ್ಪದಾ?’ ಎಂದು ಬರೆದುಕೊಟ್ಟೆ. ದೀಪದ ಬುಡದಲ್ಲಿ ಕತ್ತಲು ಎನ್ನುತ್ತಾರಲ್ಲ, ಆ ಕತ್ತಲಲ್ಲಿ ನಾನೇ ನಿನ್ನನ್ನು ಕೂರಿಸಿದೆ. ಲೋಕದ ಹೆಂಗಸರ ಕಾಣದ ದುಡಿಮೆಯ ಬಗ್ಗೆ ಇನ್ನೂರು ಪುಟ ಬರೆದವಳು! ನಾಚಿಕೆಯಾಗುತ್ತದೆ ಅಕ್ಕಾ.

ಅಮ್ಮ ಹೋಗಿ ವರ್ಷವಾಯಿತು. ಈಗ ಪುಲ್ಪಳ್ಳಿಯಲ್ಲಿ ಅಂಬಿಳಿಯ ಹೊಲಿಗೆ ಅಂಗಡಿಗೆ ಹೋಗುತ್ತಿದ್ದೀ. ರವಿಕೆಯನ್ನು ಮಾದೇವಿ ಚೇಚಿಯೇ ಹೊಲಿಯಬೇಕು ಎಂದು ಗಿರಾಕಿಗಳು ಹೆಸರು ಹಿಡಿದು ಕೇಳುತ್ತಾರೆಂದು ಹೇಳುವಾಗ ನಿನ್ನ ಮುಖ ನೋಡಿದೆ. ನಾನು ಹುಟ್ಟಿದಂದಿನಿಂದ ಆ ಮುಖ ನೋಡಿರಲಿಲ್ಲ. ಆದರೂ ಸಾಕು ಬಿಡು. ದಿನಾ ಬಸ್ಸಿನಲ್ಲಿ ನಿಂತು ನಿಂತು ಕಾಲು ಬಾತಿವೆ. ಇಲ್ಲಿಗೆ ಬಂದುಬಿಡು. ಮಹಡಿಯ ಮೇಲಿನ ದೊಡ್ಡ ಕಿಟಕಿಯ ಕೋಣೆ ನಿನ್ನದು, ಅಲ್ಲೇ ಒಂದು ಹೊಲಿಗೆ ಮೆಷಿನ್ ಇಡಿಸುತ್ತೇನೆ. ಬೇಗ ಏಳಬೇಡ, ಒಲೆಯ ಹತ್ತಿರ ಬರಬೇಡ. ಕಾಫಿ ನಾನು ತಂದುಕೊಡುತ್ತೇನೆ. ಒಂದು ಸಲವಾದರೂ ನಿನ್ನನ್ನು ಕೂರಿಸಿ ಬಡಿಸಬೇಕು ಅನ್ನಿಸಿದೆ.

ನಿನ್ನ ಸೊಂಟದ ಮೇಲೆ ಬೆಳೆದ
ಚಂದನಾ

ತಾ.ಕ.: ಬರೆಯಲು ಮರೆತೆ. ಮನೆಗೆಲಸದ ಶೀಜ ಈ ತಿಂಗಳ ಕೊನೆಗೆ ಬಿಡುತ್ತಿದ್ದಾಳೆ. ನಮ್ಮತ್ತೆ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಅವರದೆಲ್ಲ ಹಾಸಿಗೆಯಲ್ಲೇ. ನಾನು ರಜೆ ಹಾಕುವಂತಿಲ್ಲ. ಅವರು ಕರೆದರೆ ಕೇಳಿಸಬೇಕಲ್ಲ, ಅದಕ್ಕೆ ಸದ್ಯ ನಿನ್ನ ಹಾಸಿಗೆಯನ್ನು ಅವರ ಕೋಣೆಯಲ್ಲೇ ಹಾಕಿಸಿದ್ದೇನೆ. ಮೆಷಿನ್ ಆಮೇಲೆ ನೋಡೋಣ. ಒಂದನೇ ತಾರೀಖಿನಿಂದ ನೀನು ಅಂಗಡಿಗೆ ಬರುವುದಿಲ್ಲವೆಂದು ಅಂಬಿಳಿಗೆ ಫೋನ್ ಮಾಡಿ ಹೇಳಿದ್ದಾಯಿತು. ನೀನೇ ಹೇಳಿಸಿದ್ದು ಅಂದೆ.