ದೊರೆಸಾನಿಯ ಹಿಮ್ಮಡಿ

ಏಪ್ರಿಲ್ 4, ಶನಿವಾರ. ಬೆಳಿಗ್ಗೆ 6

ಡ್ಯೂಟಿಗೆ ಇನ್ನೂ ಒಂದು ಗಂಟೆ ಇದೆ. ಮೊಲಕ್ಕೆ ಹುಲ್ಲು ಹಾಕಿದೆ, ನೀರು ಬದಲಿಸಿದೆ, ಫೋಟೋ ತೆಗೆದು ಕಳಿಸಿದೆ. ದಿನಕ್ಕೊಂದು ಫೋಟೋ — ಇನ್ಸ್‌ಪೆಕ್ಟರ್ ಹಾಕಿಹೋದ ಷರತ್ತು.

ಇನ್ಸ್‌ಪೆಕ್ಟರ್ ಅಂದರೆ ಇವಳ, ಅಂದರೆ ನನ್ನ ಹೆಂಡತಿಯ, ಮಗಳು. ಹನ್ನೊಂದು ವರ್ಷ. ನಮ್ಮ ಮದುವೆಯಾಗಿ ಎಂಟು ತಿಂಗಳು. ಅಷ್ಟೂ ದಿನ ನನ್ನನ್ನು ತಪಾಸಣೆ ಮಾಡುತ್ತಲೇ ಇದ್ದಾಳೆ, ಇನ್ನೂ ಪಾಸ್ ಮಾಡಿಲ್ಲ. ರಜಕ್ಕೆ ತನ್ನ ಅಪ್ಪನ ಮನೆಗೆ ಹೋಗಿದ್ದಾಳೆ, ಮೂರು ವಾರ. ಮೊಲವನ್ನೂ ಒಯ್ಯುತ್ತೇನೆ ಎಂದು ಒಂದೇ ಹಟ. ಅಪ್ಪನೂ ಫೋನಿನಲ್ಲಿ, “ತಗೊಂಡ್ ಬಾ, ಯಾವಾಗಲೂ ಇಲ್ಲೇ ಇರಲಿ, ನಮ್ಮನೆ ದೊಡ್ಡದು” ಅಂದರಂತೆ. ಇವಳ ಮುಖ ಬಿಳಿಚಿಕೊಂಡಿತು. ಮೊಲ ಅಲ್ಲಿ ನೆಲೆಯಾದರೆ ಮಗಳೂ ಅಲ್ಲೇ. ಮೊದಲು ಶನಿವಾರ ಭಾನುವಾರ, ಆಮೇಲೆ ವಾರವಿಡೀ... ನಾನೇ ನಡುವೆ ಬಾಯಿ ಹಾಕಿದೆ. “ನಾನ್ ನೋಡ್ಕೋತೀನಿ. ಆಸ್ಪತ್ರೇಲಿ ಇಪ್ಪತ್ತು ಬೆಡ್ ನೋಡ್ಕೊಳ್ಳೋನಿಗೆ ಒಂದು ಮೊಲ ಯಾವ ಲೆಕ್ಕ?”

ಇನ್ಸ್‌ಪೆಕ್ಟರ್ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ಸರಿ. ಬಂದು ನೋಡಿ ಹೇಳ್ತೀನಿ. ಇಲ್ಲಿರುತ್ತೋ ಅಲ್ಲಿಗೋ ಅಂತ.”

ಮೊಲದ ಹೆಸರು ದೊರೆಸಾನಿ. ಮೂರೂವರೆ ಕಿಲೋ. ಎದ್ದು ನಾಲ್ಕು ಹೆಜ್ಜೆ ಇಡುವುದೆಂದರೆ ನಮ್ಮ ಮೇಲೆ ಉಪಕಾರ ಮಾಡಿದ ಹಾಗೆ.

ಏಪ್ರಿಲ್ 5, ಭಾನುವಾರ

ರಜೆ. ದೊರೆಸಾನಿಯ ಗೂಡು ಕ್ಲೀನ್ ಮಾಡಿದೆ. ಅಯ್ಯಯ್ಯೋ, ಏನು ಕೊಳಕು! ತಳದಲ್ಲಿ ಒಂದು ಹಳೇ ಕಾರ್ಪೆಟ್ ತುಂಡು, ಅದರ ಮೇಲೆ ಗೇಣುದ್ದ ಹುಲ್ಲು. ನಮ್ಮ ವಾರ್ಡಿನಲ್ಲಿ ಇಂಥ ಬೆಡ್ ಕಂಡಿದ್ದರೆ ಮೂರು ಜನಕ್ಕೆ ಮೆಮೊ ಹೋಗುತ್ತಿತ್ತು. ಎಲ್ಲಾ ಕಸದ ಗಾಡಿಗೆ. ಕೆಳಗಿನ ತಂತಿಬಲೆ ಉಜ್ಜಿ ಉಜ್ಜಿ ತೊಳೆದೆ. ಈಗ ಹಿಕ್ಕೆ ಬಿದ್ದರೆ ಸೀದಾ ಕೆಳಗಿನ ಟ್ರೇಗೆ. ದಿನಾ ಬೆಳಿಗ್ಗೆ ಸಂಜೆ ನೀರು ಹೊಡೆದರಾಯಿತು.

ಇವಳು ಬಾಗಿಲಲ್ಲಿ ನಿಂತು, “ಕೆಳಗೆ ಸ್ವಲ್ಪ ಹುಲ್ಲಾದ್ರೂ ಹಾಸ್ರೀ” ಅಂದಳು.

“ತಿನ್ನೋಕೆ ಬುಟ್ಟೀಲಿ ಇದೆಯಲ್ಲ.”

“ನಿಮಗೆ ಎಲ್ಲಾ ಆಸ್ಪತ್ರೆನೇ.”

ಹೊಗಳಿಕೆ ಎಂದೇ ತಗೊಂಡೆ.

ಏಪ್ರಿಲ್ 9, ಗುರುವಾರ. ಸಂಜೆ

ವಾರ್ಡಿನಲ್ಲಿ ರೇಗಾಟ. ಹನ್ನೊಂದನೇ ಬೆಡ್ಡಿನ ಅಜ್ಜನ ಹಿಮ್ಮಡಿ ಕೆಂಪಾಗಿದೆ, ಒತ್ತಿದರೂ ಬಣ್ಣ ಬದಲಾಗುವುದಿಲ್ಲ. ಮಲಗಿ ಮಲಗಿ ಆಗುವ ಹುಣ್ಣು, ಬೆಡ್‌ಸೋರಿನ ಶುರು. ಹೊಸ ಸಿಸ್ಟರ್ ಬೆಳಿಗ್ಗೆಯೇ ನೋಡಿದ್ದಳಂತೆ. ಬರೆದಿಲ್ಲ. ಭಯವಂತೆ. ಎಲ್ಲರೆದುರು ಜಾಡಿಸಿಬಿಟ್ಟೆ. “ಆಗಿದ್ದು ತಪ್ಪಲ್ಲಮ್ಮ. ಬರೀದೇ ಮುಚ್ಚಿಟ್ಟಿದ್ದು ತಪ್ಪು. ಮುಚ್ಚಿಟ್ಟರೆ ಮುಂದಿನ ಪಾಳಿಯವರಿಗೆ ಹೇಗೆ ಗೊತ್ತಾಗ್ಬೇಕು?” ಕಣ್ಣಲ್ಲಿ ನೀರು ಹಾಕಿಕೊಂಡಳು. ಕಲಿಯಲಿ. ಹದಿನಾರು ವರ್ಷದ ನರ್ಸ್ ಕೆಲಸದಲ್ಲಿ ನಾನು ಒಂದನ್ನೂ ಬರೆಯದೆ ಬಿಟ್ಟವನಲ್ಲ.

ಏಪ್ರಿಲ್ 13, ಸೋಮವಾರ

ದೊರೆಸಾನಿ ಎರಡು ದಿನದಿಂದ ಮೂಲೆ ಬಿಟ್ಟು ಕದಲುತ್ತಿಲ್ಲ. ಒಂದು ಹಿಂಗಾಲು ಎತ್ತುವುದು, ಇಡುವುದು, ಇನ್ನೊಂದು ಎತ್ತುವುದು. ಕ್ಯಾರೆಟ್ ತೋರಿಸಿದರೂ ಕತ್ತು ಮಾತ್ರ ಚಾಚಿತು. ಸೋಮಾರಿ ಎಂದು ಬೈದೆ.

ಏಪ್ರಿಲ್ 14, ಮಂಗಳವಾರ. ಸಂಜೆ 7

ಬೆಳಿಗ್ಗೆ ಎತ್ತಿಕೊಂಡು ಕಾಲು ತಿರುಗಿಸಿ ನೋಡಿದೆ. ಎರಡೂ ಹಿಮ್ಮಡಿಯಲ್ಲಿ ಕೂದಲು ಉದುರಿ ಬೋಳು. ಎಡಗಡೆ ಕೆಂಪು. ಬಲಗಡೆ ಒಡೆದು ಸಣ್ಣ ಹಕ್ಕಳೆ. ಹನ್ನೊಂದನೇ ಬೆಡ್ಡಿನ ಅಜ್ಜನದೇ ಹಿಮ್ಮಡಿ — ಅದಕ್ಕಿಂತ ಒಂದು ಕೈ ಹೆಚ್ಚು.

ಸಂಜೆ ಪ್ರಾಣಿ ಡಾಕ್ಟರ್ ಹತ್ತಿರ ಓಡಿದೆ. ವಯಸ್ಸಾದ ಹೆಂಗಸು, ಮಾತು ಖಡಕ್.

“ಯಾವುದರ ಮೇಲೆ ಇಟ್ಟಿದ್ರಿ?”

“ತಂತಿಬಲೆ ಮೇಲೆ. ದಿನಾ ತೊಳೀತೀನಿ ಮೇಡಂ.”

“ಒದ್ದೆ ಬೇರೆ! ನಾಯಿಗೆ ಬೆಕ್ಕಿಗೆ ಇರೋ ಹಾಗೆ ಮೊಲಕ್ಕೆ ಅಂಗಾಲಲ್ಲಿ ಮೆತ್ತೆ ಇಲ್ಲಪ್ಪ. ಅಲ್ಲಿರೋ ಕೂದಲೇ ಅದರ ಚಪ್ಪಲಿ. ತಂತಿ ಒತ್ತುತ್ತೆ, ಒದ್ದೆ ಮೆತ್ತಗೆ ಮಾಡುತ್ತೆ, ಈ ತೂಕ ಬೇರೆ. ಉಗುರು ನೋಡಿ, ಇಷ್ಟುದ್ದ! ಉಗುರು ಬೆಳೆದ್ರೆ ಭಾರ ಎಲ್ಲಾ ಹಿಮ್ಮಡಿಗೆ ಬೀಳುತ್ತೆ. ಕೆಳಗೆ ಒಣಗಿದ ಹುಲ್ಲು ದಪ್ಪಗೆ ಹಾಸಿ. ದಿನಾ ಹೊರಗೆ ಬಿಡಿ, ಓಡಾಡಲಿ. ವಾರಕ್ಕೊಂದ್ಸಲ ಕಾಲು ತಿರುಗಿಸಿ ನೋಡಿದ್ರೆ ಇಲ್ಲೀವರೆಗೆ ಬರ್ತಿರಲಿಲ್ಲ.” ಉಗುರು ಕತ್ತರಿಸಿ, ಮುಲಾಮು ಬರೆದುಕೊಟ್ಟು, “ನೀವೇನು ಕೆಲಸ ಮಾಡೋದು?” ಅಂದರು.

“ಆಫೀಸು” ಅಂದೆ.

ನಾಚಿಕೆಯಾಗಬೇಕು ನನಗೆ.

ಬರುವಾಗ ಒಣಹುಲ್ಲಿನ ಒಂದು ಕಟ್ಟು ತಂದೆ. ಹಳೇ ಉಣ್ಣೆ ಕಂಬಳಿ ನಾಲ್ಕು ಮಡಿಕೆ ಮಾಡಿ ಹಾಸಿ, ಮೇಲೆ ಹುಲ್ಲು. ಆ ಕೊಳಕು ಕಾರ್ಪೆಟ್ ಏನಕ್ಕಿತ್ತು ಎಂದು ಈಗ ತಲೆಗೆ ಹೋಯಿತು. ಹನ್ನೊಂದು ವರ್ಷದ ಹುಡುಗಿಗೆ ಗೊತ್ತಿದ್ದದ್ದು.

ಏಪ್ರಿಲ್ 15, ಬುಧವಾರ

ಫೋಟೋ — ಬರೀ ಮುಖ.

ಇವಳು ಪಕ್ಕದಲ್ಲೇ ಕೂತು, “ಹೇಳ್ಬೇಡಿ. ಬರೋಷ್ಟರಲ್ಲಿ ವಾಸಿ ಆಗುತ್ತೆ. ಈಗ ಹೇಳಿದ್ರೆ ಅವಳ ಅಪ್ಪ ನಾಳೆನೇ ಗಾಡಿ ತಗೊಂಡ್ ಬರ್ತಾರೆ” ಅಂದಳು. ಸರಿ ಎಂದೆ. ನನಗೂ ಅದೇ ಬೇಕಿತ್ತು, ಸುಳ್ಳೇಕೆ.

ಏಪ್ರಿಲ್ 17, ಶುಕ್ರವಾರ

ಫೋಟೋ — ಕಿವಿ, ಮೂಗು, ಕ್ಯಾರೆಟ್.

ಇನ್ಸ್‌ಪೆಕ್ಟರ್ ಮೆಸೇಜು: “ಯಾಕೆ ದಿನಾ ಬರೀ ಮುಖ?”

“ಮುಖ ಚೆನ್ನಾಗಿದೆಯಲ್ಲ” ಎಂದು ಬರೆದೆ. ಥೂ.

ಎಡಗಾಲು ಪರವಾಗಿಲ್ಲ. ಬಲಗಾಲು ಹಾಗೇ ಇದೆ. ಮುಲಾಮು ಹಚ್ಚುವಾಗ ಒದೆಯುತ್ತದೆ. ಒದೆಯಲಿ, ನನಗೆ ಅದು ಬೇಕಾದದ್ದೇ.

ಏಪ್ರಿಲ್ 20, ಸೋಮವಾರ. ಸಂಜೆ 6

ಬೆಳಿಗ್ಗೆ ಹೊಸ ಸಿಸ್ಟರ್ ಒಂದು ಹಾಳೆ ಹಿಡಿದು ಎದುರು ಬಂದು ನಿಂತಳು. “ಬ್ರದರ್, ನಾಲ್ಕನೇ ಬೆಡ್ ಅಮ್ಮನಿಗೆ ಸೊಂಟದ ಹತ್ತಿರ ಕೆಂಪಾಗಿದೆ. ನನ್ನ ಪಾಳೀಲೇ ಆಗಿದ್ದು. ಮಗ್ಗುಲು ಬದಲಿಸೋದು ಒಂದ್ಸಲ ಮರೆತೆ. ಬರೆದಿದ್ದೀನಿ.” ಹಾಳೆ ಚಾಚಿದಳು. ಸಹಿ ಹಾಕಿದೆ. ಅವಳ ಮುಖ ನೋಡಲಾಗಲಿಲ್ಲ.

ಮನೆಗೆ ಬಂದವನೇ ವಾರ್ಡಿನಲ್ಲಿ ಬರೆಯುವ ಹಾಗೆಯೇ ಬರೆದೆ —

ರೋಗಿ: ದೊರೆಸಾನಿ. ಎಲ್ಲಿ: ಎರಡೂ ಹಿಮ್ಮಡಿ. ಬಲ — ಕಡಲೆಕಾಳಿನಷ್ಟು ಗಾಯ. ಎಡ — ಕೆಂಪು, ಇಳಿಯುತ್ತಿದೆ. ಕಂಡದ್ದು: 14ನೇ ತಾರೀಖು. ಕಾರಣ: ನಾನು ಕಾರ್ಪೆಟ್ ಎಸೆದು ಬರೀ ತಂತಿಯ ಮೇಲೆ, ಒದ್ದೆಯಲ್ಲಿ ಇಟ್ಟದ್ದು. ಕೊಡುತ್ತಿರುವ ಔಷಧಿ: ಡಾಕ್ಟರ್ ಬರೆದುಕೊಟ್ಟ ಮುಲಾಮು. ತಿಳಿಸಲು ಆರು ದಿನ ತಡವಾಯಿತು. ಅದಕ್ಕೆ ಕಾರಣ: ಹೆದರಿಕೆ.

ಜೊತೆಗೆ ಎರಡೂ ಕಾಲಿನ ಫೋಟೋ. ಇವಳಿಗೆ ಮೊದಲೇ ಹೇಳಿದೆ, ಕಳಿಸ್ತೀನಿ ಎಂದು. ಎದ್ದು ಅಡುಗೆಮನೆಗೆ ಹೋದಳು. ಕಳಿಸಿದೆ.

ನೋಡಿದ್ದಾಳೆ. ಉತ್ತರ ಇಲ್ಲ.

ಏಪ್ರಿಲ್ 22, ಬುಧವಾರ

ಉತ್ತರ ಇಲ್ಲ. ಕಾಲಿನ ಫೋಟೋ ಮಾತ್ರ ದಿನಾ ಕಳಿಸುತ್ತಿದ್ದೇನೆ. ಇವಳು ನನ್ನೊಂದಿಗೆ ಬೇಕಾದಷ್ಟೇ ಮಾತು. ಬೆಳಿಗ್ಗೆ ಮಗಳ ಬಟ್ಟೆ ಬೀರುವಿನಿಂದ ತೆಗೆದು, ಮತ್ತೆ ಮಡಿಸಿ, ಮತ್ತೆ ಇಡುತ್ತಿದ್ದಳು. ಆ ಹೊತ್ತು ನನ್ನನ್ನೇ ನಾನು ಶಪಿಸಿಕೊಂಡೆ.

ಏಪ್ರಿಲ್ 26, ಭಾನುವಾರ. ಸಂಜೆ

ನಾಲ್ಕು ಗಂಟೆಗೆ ಕಾರು ಬಂತು. ಅವಳ ಅಪ್ಪನೂ ಇಳಿದು ಒಳಗೆ ಬಂದರು. ಒಳ್ಳೆಯ ಮನುಷ್ಯ, ನಮಸ್ಕಾರ ಅಂದರು. ಹಿಂದಿನ ಸೀಟು ಮಡಿಸಿ ಜಾಗ ಮಾಡಿಟ್ಟಿದ್ದು ಕಿಟಕಿಯಿಂದಲೇ ಕಂಡಿತು. ಇವಳು ಬಾಗಿಲಿಗೆ ಒರಗಿ ನಿಂತವಳು ಅಲ್ಲಾಡಲಿಲ್ಲ.

ಇನ್ಸ್‌ಪೆಕ್ಟರ್ ಯಾರನ್ನೂ ಮಾತಾಡಿಸದೆ ಕೈ ತೊಳೆದು ಬಂದು ನೆಲದ ಮೇಲೆ ಕೂತಳು. ದೊರೆಸಾನಿಯನ್ನು ಮಡಿಲಲ್ಲಿ ಇಟ್ಟುಕೊಂಡು ಎಡಗಾಲು ನೋಡಿದಳು. ಬಲಗಾಲನ್ನು ತುಂಬಾ ಹೊತ್ತು ನೋಡಿದಳು.

“ಕಾರ್ಪೆಟ್ ಎಸೆಯೋ ಮುಂಚೆ ನನ್ನ ಕೇಳ್ಬಹುದಿತ್ತು.”

“ಹೌದು. ಕೇಳ್ಬೇಕಿತ್ತು.”

“ನಾನು ಎಷ್ಟು ಅತ್ತೆ ಗೊತ್ತಾ?”

ಕಣ್ಣು ತುಂಬಿತು ನನಗೂ.

ಅವಳ ಅಪ್ಪ ಮೆಲ್ಲಗೆ, “ಗೂಡು ಎತ್ಕೊಳ್ಳಾ ಪುಟ್ಟಾ?” ಅಂದರು.

ಅವಳು ಗೂಡಿನೊಳಗೆ ಕೈ ಹಾಕಿ ಹುಲ್ಲನ್ನು ಅಂಗೈಯಿಂದ ಒತ್ತಿದಳು. ತಳದವರೆಗೆ ಬೆರಳು ಇಳಿಸಿ ಒದ್ದೆ ಇದೆಯಾ ಎಂದು ನೋಡಿದಳು. “ಬೇಡ ಅಪ್ಪ. ನಿಮ್ಮನೇಲಿ ಎಲ್ಲಾ ಕಡೆ ಟೈಲ್ಸ್. ಕಾಲಿಗಾಗಲ್ಲ.”

“ರಗ್ ಹಾಸಿದ್ರಾಯ್ತಲ್ಲ?”

“ಹಾಸಿದ್ರಷ್ಟೇ ಸಾಲದು. ಕಾಲು ನೋಡ್ಬೇಕು. ನೋಡಿದ್ದು ಕೆಟ್ಟದಿದ್ರೂ ಹೇಳ್ಬೇಕು.” ನನ್ನ ಕಡೆ ನೋಡಲಿಲ್ಲ. “ಇವರು ಲೇಟಾಗಾದ್ರೂ ಹೇಳ್ತಾರೆ.”

ಇವಳು ಸರಕ್ಕನೆ ಒಳಗೆ ಹೋದಳು. ಎಲ್ಲರಿಗೂ ಟೀ ಮಾಡುತ್ತೇನೆ ಎಂದು. ಹೋದವಳು ಒಲೆ ಹಚ್ಚಿದ ಸದ್ದೇ ಬರಲಿಲ್ಲ, ಬಹಳ ಹೊತ್ತು.

ಅವಳ ಅಪ್ಪ ಹೊರಟು ಅರ್ಧ ಗಂಟೆಯಾಯಿತು. ಇದನ್ನು ಬರೆಯುತ್ತಿದ್ದೇನೆ. ಹಾಲ್‌ನಿಂದ ಇನ್ಸ್‌ಪೆಕ್ಟರ್ ಕೂಗು — ಮುಲಾಮು ಹಚ್ಚಬೇಕಂತೆ, ದೊರೆಸಾನಿ ಒದೆಯುತ್ತಿದೆಯಂತೆ, ಅವಳೊಬ್ಬಳ ಕೈಲಿ ಆಗಲ್ಲವಂತೆ, ನಾನು ಬಂದು ಹಿಡಿದುಕೊಳ್ಳಬೇಕಂತೆ. ಹೊರಟೆ.