ಕೆಂಪು ಗೋಡೆಗೆ ಒರಗಿ ಕೂತವರು

ಸುಣ್ಣಕಟ್ಟಿನ ತೊಂಬತ್ತನೆಯ ವರ್ಷ, ಫೆಬ್ರವರಿ ಮೂವತ್ತೈದು
ಮಸ್ಕಿ ಗುಡ್ಡದ ಬುಡ

ಫೋಟೋದಲ್ಲಿ ನಿಂತಿರುವ ಹುಡುಗಿಗೆ,

ನಿನ್ನನ್ನು ಅಜ್ಜಿ ಎನ್ನಲೋ ಮಗಳೇ ಎನ್ನಲೋ ತಿಳಿಯುತ್ತಿಲ್ಲ. ನೀನು ನನ್ನ ಯಜಮಾನರ ಮುತ್ತಜ್ಜಿಗೆ ಅಜ್ಜಿಯಾಗಬೇಕಂತೆ. ಆದರೆ ಮನೆಯಲ್ಲಿ ಉಳಿದಿರುವ ಒಂದೇ ಫೋಟೋದಲ್ಲಿ ನೀನು ಲಂಗ ತೊಟ್ಟ ಹುಡುಗಿ, ನಾನು ಹಲ್ಲು ಬಿದ್ದ ಮುದುಕಿ. ಆದ್ದರಿಂದ ಮಗಳೇ ಎಂದೇ ಬರೆಯುತ್ತೇನೆ. ನಿನ್ನ ಹೆಸರನ್ನು ಯಾರೂ ಉಳಿಸಿಕೊಂಡಿಲ್ಲ, ಅದಕ್ಕೂ ಬೇಸರ ಮಾಡಿಕೊಳ್ಳಬೇಡ. ತಾರೀಖು ನೋಡಿ ಗಾಬರಿಯಾಗಬೇಡ. ಮೇ ತಿಂಗಳು ಯಾರಿಗೂ ಬೇಡವಾದಾಗ ಹಿರಿಯರು ಅದನ್ನು ಮೊಟಕು ಮಾಡಿ, ಮಿಕ್ಕ ದಿನಗಳನ್ನು ಫೆಬ್ರವರಿಗೆ ಸೇರಿಸಿದರು. ಬಿಸಿಲಿಗೆ ಇದನ್ನು ಯಾರೂ ತಿಳಿಸಲಿಲ್ಲ, ಆ ಮಾತು ಬೇರೆ. ನನ್ನ ಕೆಲವು ಮಾತುಗಳು ನಿನಗೆ ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೋ.

ಸುಣ್ಣಕಟ್ಟು ಎಂದರೆ ನಮ್ಮ ಊರಿನ ಕಟ್ಟುಪಾಡು. ಬಿಸಿಲು ತಾಗುವುದೆಲ್ಲ ಬಿಳಿಯಾಗಿಯೇ ಇರಬೇಕು. ಮಾಳಿಗೆ, ಗೋಡೆ, ಬಾಗಿಲು, ಕೋಳಿಗೂಡು ಎಲ್ಲ ಬಿಳಿ. ಎಮ್ಮೆಯ ಬೆನ್ನಿಗೂ ಸುಣ್ಣದ ನೀರು ಎರಚುತ್ತೇವೆ. ಅದರಿಂದಲೇ ಬದುಕಿದ್ದೇವೆ, ಇಲ್ಲವೆನ್ನುವುದಿಲ್ಲ. ನಸುಕಿನಲ್ಲಿ ಎದ್ದು ನೀರು, ಸಂತೆ, ಹೊಲ ಮುಗಿಸಬೇಕು. ಜಾಗಟೆ ಬಾರಿಸಿದರೆ ಒಳಹೊತ್ತು ಶುರುವಾಯಿತೆಂದು ಅರ್ಥ, ಆಮೇಲೆ ಹೊರಗೆ ಉಳಿದ ಮನುಷ್ಯ ಉಳಿಯುವುದಿಲ್ಲ. ಆದರೆ ಇಂಥ ಊರಿನಲ್ಲಿ ಒಂದು ಓಣಿಗೂ ಇನ್ನೊಂದು ಓಣಿಗೂ ವ್ಯತ್ಯಾಸವೇ ಇಲ್ಲ. ನೆನಪು ಗಟ್ಟಿಯಿದ್ದವರು ತಿರುವು ಎಣಿಸಿಕೊಂಡು ಮನೆ ಸೇರುತ್ತಾರೆ.

ನನ್ನ ಯಜಮಾನರು ಅಮರಯ್ಯನವರಿಗೆ ಆ ಎಣಿಕೆ ತಪ್ಪತೊಡಗಿತು. ನಸುಕಿನಲ್ಲಿ ತಿರುಗಾಡಿ ಬರುವುದು ಅವರ ಹಳೆಯ ರೂಢಿ, ಬಾಗಿಲು ಹಾಕಿಕೊಂಡರೆ ಮಗುವಿನಂತೆ ಅಳುತ್ತಿದ್ದರು. ಎರಡು ಸಲ ಜಾಗಟೆಯ ನಂತರ ಯಾರೋ ಹೊತ್ತುಕೊಂಡು ಬಂದರು. ನಿಮ್ಮ ಮನೆ ಎಲ್ಲಿ ಎಂದು ಕೇಳಿದವರಿಗೆಲ್ಲ ಅವರದು ಒಂದೇ ಉತ್ತರ: "ಕೆಂಪು ಗೋಡಿ ಮನಿ." ಊರಲ್ಲಿ ಕೆಂಪು ಗೋಡೆಯೇ ಇರಲಿಲ್ಲ. ಜನ ನಕ್ಕರು. ನನಗೆ ಮಾತ್ರ ಗೊತ್ತಾಯಿತು. ಅದು ನಿನ್ನ ಮನೆ, ಮಗಳೇ. ನಿನ್ನ ಹಿಂದೆ ಕಾಣುವ ಗೋಡೆ. ಚಿಕ್ಕಂದಿನಿಂದ ಆ ಫೋಟೋ ನೋಡುತ್ತಾ ಬೆಳೆದವರು ಅವರು. ಈ ಮನೆ ಮರೆತುಹೋಗಿ ಅದೊಂದು ಉಳಿದಿತ್ತು.

ಸರಿ, ಅವರು ಹೇಳಿದ ಮನೆಯನ್ನೇ ಮಾಡೋಣ ಎಂದುಕೊಂಡು ಮೊದಲು ಕೆಮ್ಮಣ್ಣು ಬಳಿದೆ. ಮಧ್ಯಾಹ್ನಕ್ಕೆ ಒಳಗೆ ರೊಟ್ಟಿ ಹಂಚಿನ ಮೇಲೆ ಕೂತಂತಾಯಿತು. ನೆರೆಮನೆಯ ಈರಮ್ಮ ಗೋಡೆ ಮುಟ್ಟಿ, "ಹಂಪವ್ವಾ, ನಿನ್ನ ಗೋಡಿಗಿ ಜ್ವರ ಬಂದದ, ಕಷಾಯ ಕುಡಸು" ಎಂದಳು. ಅಂದೇ ಓಣಿಯವರು ಸುಣ್ಣ ಹೊಡೆಸಿದರು.

ಬೇಕಾಗಿದ್ದು ತಂಬಣ್ಣ. ಕಣ್ಣಿಗೆ ಬಣ್ಣ ತೋರಿಸಿ, ಕಣ್ಣಿಗೆ ಕಾಣದ ಬಿಸಿಯನ್ನು ಬಂದ ದಾರಿಯಲ್ಲೇ ವಾಪಸು ಕಳಿಸುವ ಬಣ್ಣಕ್ಕೆ ನಾವು ಹಾಗೆನ್ನುತ್ತೇವೆ. ಅದು ವಿರಳ ಮಣ್ಣುಗಳಿಂದ ಆಗುತ್ತದೆಂದು ಕೇಳಿದ್ದೆ, ಮಾಡುವುದನ್ನು ಕಲಿಸುವವರು ಇರಲಿಲ್ಲ. ಸೀರಿಯಂ ಎಂಬ ತಿಳಿಹಳದಿ ಪುಡಿ ಸಿಕ್ಕಿತು. ಅದಕ್ಕೆ ಬೆರೆಸುವ ಕಪ್ಪು ಪುಡಿಯ ಹೆಸರು ಪ್ರಸಿಯೋಡಿಮಿಯಂ, ನನ್ನ ಬೊಚ್ಚು ಬಾಯಲ್ಲಿ ನಿಲ್ಲದ ಹೆಸರು. ನಾನು ಕರಿಪುಡಿ ಎನ್ನುತ್ತೇನೆ. ನೀವು ಎಸೆದ ಫ್ಯಾನು, ಸ್ಕೂಟರುಗಳ ಆಯಸ್ಕಾಂತಗಳಿಂದ ನಮ್ಮ ಕಾಲದವರು ಅದನ್ನು ಬೇರ್ಪಡಿಸುತ್ತಾರೆ. ಎರಡನ್ನೂ ಅರೆದು ಬಿಸಿಲೊಲೆಯಲ್ಲಿ ಸುಟ್ಟೆ. ಕನ್ನಡಿಗಳನ್ನೆಲ್ಲ ಒಂದೇ ಕಡೆ ತಿರುಗಿಸಿ ಬಿಸಿಲಿನಿಂದಲೇ ಉರಿಸುವ ಒಲೆ ಅದು. ಸೌದೆಗೆ ಕೊರತೆ, ಬಿಸಿಲಿಗೆ ಇಲ್ಲ. ಮೊದಲ ಸಲ ಒಸಡಿನ ಬಣ್ಣ ಬಂತು. ಕರಿಪುಡಿ ಹೆಚ್ಚಿಸಿದೆ, ಮಣ್ಣುಬಣ್ಣಕ್ಕೆ ತಿರುಗಿ ಬಿಸಿಯೂ ಆಯಿತು. ಎಷ್ಟೋ ದಿನದ ಮೇಲೆ ಹೊಳೆಯಿತು, ನಾನು ಅರೆಯುತ್ತಿದ್ದುದು ಕಬ್ಬಿಣದ ಒರಳಿನಲ್ಲಿ. ಸವೆದ ಕಬ್ಬಿಣ ಪುಡಿಗೆ ಸೇರಿ ಕೆಡಿಸುತ್ತಿತ್ತು. ಕಲ್ಲಿಗೆ ಬದಲಾಯಿಸಿದೆ. ಆಗ ಒಲೆಯಿಂದ ಇಟ್ಟಿಗೆಯ ಕೆಂಪು ಹೊರಬಂತು. ನಿನ್ನ ಗೋಡೆಯ ಕೆಂಪು.

ಹೊಸ ಬಣ್ಣಕ್ಕೆ ಅಂಗೈ ಪಂಚಾಯ್ತಿ ಆಗಬೇಕು. ಒಳಹೊತ್ತಿನಲ್ಲಿ ಓಣಿಯವರು ತಲೆಗೆ ಒದ್ದೆ ಗೋಣಿ ಹೊದ್ದು ಬಂದು ಗೋಡೆಗೆ ಅಂಗೈ ಒತ್ತುತ್ತಾರೆ. ಬಿಸಿ ತಾಳದೆ ಒಬ್ಬರು ಕೈ ಕಿತ್ತರೂ ಬಣ್ಣದ ಮೇಲೆ ಸುಣ್ಣ ಬೀಳುತ್ತದೆ. ಗಾಜು ಕರಗಿಸಿ ಮಾಡಿದ ಅಂಟಿನಲ್ಲಿ ನಾನು ಬಣ್ಣ ಕಲಸಿ ಬಳಿದಿದ್ದ ಗೋಡೆಯ ಮೇಲೆ ಈರಮ್ಮ ಎಲ್ಲರಿಗಿಂತ ಕೊನೆಗೆ ಕೈ ಇಟ್ಟಳು. "ನನ್ನ ಗಂಡಗಿಂತ ತಣ್ಣಗದ, ಇರಲಿ ಬಿಡ್ರಿ" ಎಂದಳು.

ಮರುದಿನ ಜಾಗಟೆಗೆ ಮೊದಲೇ ಯಜಮಾನರು ಬಂದರು. ತಾವಾಗಿ, ಒಬ್ಬರೇ. ಬಂದವರು ಕೆಂಪು ಗೋಡೆಗೆ ಒರಗಿ ಕೂತರು. ನಾನು ಹೊರಗೆ ಓಡಿ, "ಒಳಗ ಬರ್ರೀ" ಎಂದೆ. ನನ್ನನ್ನು ನೋಡಿ ಕೈಮುಗಿದು ಹೇಳಿದರು: "ಬ್ಯಾಡ ತಾಯಿ. ಇದು ನಮ್ಮನಿ. ನನ್ನ ಹೆಂಡತಿ ಬರತಾಳ, ಅಲ್ಲೀತನಕ ಇಲ್ಲೇ ಕುಂದರತೀನಿ."

ಬಿಸಿಲು ಅಂಗಳಕ್ಕೆ ಕಾಲಿಡುತ್ತಿತ್ತು. ನಾನು ಒಳಗೆ ಹೋಗಿ ಒಂದು ಕ್ಷಣ ನಿಂತು, ಮತ್ತೆ ಹೊರಬಂದು, "ಹಂಪಮ್ಮ ಒಳಗ ಕಾಯಲಿಕತ್ತಾಳ, ನಿಮ್ಮನ್ನ ಕರಕೊಂಡು ಬಾ ಅಂದಾಳ" ಎಂದೆ. ಮುಖ ಅರಳಿತು. ಎದ್ದು ಬಂದರು.

ಅಂದಿನಿಂದ ದಿನವೂ ಹೀಗೆಯೇ ನಡೆದಿದೆ. ನನ್ನ ಸುದ್ದಿಯನ್ನು ನಾನೇ ಒಯ್ಯುತ್ತೇನೆ. ಒಳಗೆ ಬಂದ ಮೇಲೆ ಅವರು ಹಂಪಮ್ಮನನ್ನು ಹುಡುಕುತ್ತಾರೆ, ನಾನು ತಟ್ಟೆ ಇಡುತ್ತೇನೆ, ಉಣ್ಣುವಷ್ಟರಲ್ಲಿ ಮರೆತಿರುತ್ತಾರೆ.

ಮಗಳೇ, ಅವರ ಮನಸ್ಸು ಈಗ ಇರುವುದು ನಿಮ್ಮ ಕಡೆಯೇ ಎಂದು ನನಗೆ ಅನಿಸುತ್ತದೆ. ಗುರುತಿಲ್ಲದ ಮುದುಕರೊಬ್ಬರು ಬಂದು ನಿನ್ನ ಗೋಡೆಗೆ ಒರಗಿ ಕೂತರೆ ಎಬ್ಬಿಸಬೇಡ. ಒಂದು ತಂಬಿಗೆ ನೀರು ಕೊಡು. ಹೆಂಡತಿ ಎಲ್ಲಿ ಎಂದು ಕೇಳಿದರೆ, ದೂರ ಅದಾಳ, ಆದರ ಹೊಂಟಾಳ ಎಂದು ಹೇಳು.

ಹಂಪಮ್ಮ